ಮಗ್ರಿಬ್‌ನಿಂದ ಇಶಾವರೆಗೆ



ಈದ್ ಚಾಂದ್ ನೋಡಲು ಮಾಳಿಗೆ ಹತ್ತುವ ನಮಗೆ ಆಕಾಶ ಹೊಸದಲ್ಲ. ಆದರೆ ಚಾಂದ್ ಕಂಡೊಡನೆ ಇಳಿದುಬಿಡುತ್ತೇವೆ. ಬೆಂಗಳೂರಿನಲ್ಲಿ ಹವ್ಯಾಸಿ ಖಗೋಳ ವೀಕ್ಷಕರ ಸಂಘಗಳಿವೆ. ಅವರಲ್ಲಿ ಅನೇಕರು ವಿಜ್ಞಾನಿಗಳಲ್ಲ. ಸ್ವಂತ ದುಡ್ಡಿನ ದುರ್ಬೀನು ಹೊತ್ತು ತಂದು ಜನರಿಗೆ ಚಂದ್ರನನ್ನೂ ಶನಿಯ ಬಳೆಗಳನ್ನೂ ತೋರಿಸುತ್ತಾರೆ. ಅಲ್ಲಿ ಬೀದಿದೀಪಗಳಿಗೆ ಮಂಕಾಗುವ ಚುಕ್ಕಿಗಳು ಜೋಯಿಡಾದ ಕಾಡಂಚಿನಲ್ಲಿ, ಮುಂಡಗೋಡದ ಗದ್ದೆ ಬಯಲಲ್ಲಿ ಬರಿಗಣ್ಣಿಗೇ ಸಿಗುತ್ತವೆ.

ದಾಂಡೇಲಿ, ಹಳಿಯಾಳದ ಶಾಲೆಗಳಲ್ಲೂ ಇಂಥ ವೀಕ್ಷಣೆ ನಡೆಯಲಿ. ರಾತ್ರಿ ಎಂದೊಡನೆ ನೀವು ಹೆಣ್ಣುಮಕ್ಕಳನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತೀರಿ. ಆ ಆತಂಕ ಸುಳ್ಳಲ್ಲ. ಕತ್ತಲಾದ ಮೇಲೆ ಕಾಡುದಾರಿ ಗಂಡಸರಿಗೂ ಅಂಜಿಕೆಯೇ. ಆದ್ದರಿಂದ ಕಾಡಿಗೆ ಹೋಗುವುದು ಬೇಡ. ಮಳೆಗಾಲ ಮುಗಿದ ಮೇಲೆ, ಹಿಜರಿ ತಿಂಗಳ 7 ಅಥವಾ 8ರಂದು, ಶಾಲಾ ಮೈದಾನದಲ್ಲೇ ಸೇರೋಣ. ಅರ್ಧಚಂದ್ರ ಮಗ್ರಿಬ್ ಹೊತ್ತಿಗೇ ನೆತ್ತಿಯ ಹತ್ತಿರವಿರುತ್ತಾನೆ. ಬೆಳಕು-ನೆರಳಿನ ಗಡಿಯಲ್ಲಿ ಅವನ ಕುಳಿಗಳು ಎದ್ದು ಕಾಣುತ್ತವೆ. ಹುಣ್ಣಿಮೆಯಂದು ನೆರಳಿಲ್ಲದೆ ಎಲ್ಲ ಚಪ್ಪಟೆ. ಇಶಾ ಅಜಾನಿನೊಳಗೆ ಮುಗಿಸಬಹುದು. ತಾಯಂದಿರೇ, ನೀವೂ ಬನ್ನಿ.

ಫೆಬ್ರವರಿಯ ಸಂಜೆ ರೋಹಿಣಿ ನಕ್ಷತ್ರ ನೆತ್ತಿಗೆ ಬರುತ್ತದೆ. ಇಂಗ್ಲಿಷ್ ಪುಸ್ತಕಗಳ ಅಲ್ಡೆಬರಾನ್ ಅದೇ. ಮೂಲ ಅರಬ್ಬಿಯ ಅದ್-ದಬರಾನ್, ಅಂದರೆ ಹಿಂಬಾಲಿಸುವವನು. ಸುರಯ್ಯಾದ ಬೆನ್ನಿಗೇ ಮೂಡುವುದರಿಂದ ಆ ಹೆಸರು. ಸುರಯ್ಯಾ ಎಂದರೆ ನಮ್ಮ ಕೃತ್ತಿಕೆ: ಬರಿಗಣ್ಣಿಗೆ ಆರೇಳು ಚುಕ್ಕಿ, ದುರ್ಬೀನಿಗೆ ಹತ್ತಾರು. ಸುರಯ್ಯಾ ಎಂಬ ಹೆಸರಿನ ಹುಡುಗಿಯರು ನಮ್ಮ ತರಗತಿಗಳಲ್ಲಿ ಹಾಜರಿ ಹೇಳುತ್ತಾರೆ. ತಮ್ಮ ಹೆಸರಿನ ಆ ಗೊಂಚಲನ್ನು ಎಷ್ಟು ಜನ ಕಂಡಿದ್ದಾರೆ?

ಶಾಲೆಯಿಂದ ಒಪ್ಪಿಗೆ ಪತ್ರ ಮನೆಗೆ ಬಂದಾಗ, ಮಗನ ಹೆಸರಿನ ಕೆಳಗೆ ಮಗಳದ್ದನ್ನೂ ಬರೆದು ಸಹಿ ಹಾಕಿ.