ಆಕಾಶ ಬೀಳಲಿಲ್ಲ



ಹಳೆಯ ಪತ್ರಿಕೆಗಳ ತಲೆಬರಹ ಓದುವುದೆಂದರೆ ನನಗೆ ಬಲು ಇಷ್ಟ. ಈ ದಿನದ ಪತ್ರಿಕೆ ಹಿಡಿದರೆ ಮುಂದೇನೋ ಎಂಬ ಆತಂಕ. ಹಳೆಯದರಲ್ಲಿ ಆ ಕಾಟವಿಲ್ಲ. ಮುಂದೇನಾಯಿತೆಂದು ಗೊತ್ತಿರುವುದರಿಂದ ಮನಸಾರೆ ನಗಬಹುದು.

1979ರ ಜುಲೈ ತಿಂಗಳನ್ನೇ ನೋಡಿ. ಎಲ್ಲ ಪತ್ರಿಕೆಗಳ ಮುಖಪುಟದಲ್ಲೂ ಒಂದೇ ಹೆಸರು, ಸ್ಕೈಲ್ಯಾಬ್. ಅಮೆರಿಕದ ನಾಸಾ ಸಂಸ್ಥೆ 1973ರಲ್ಲಿ ಹಾರಿಸಿದ್ದ, ಸುಮಾರು 77 ಟನ್ ತೂಕದ ಬಾಹ್ಯಾಕಾಶ ನಿಲ್ದಾಣ. ಅದು ಕೆಳಗೆ ಬೀಳುವುದು ಖಚಿತ, ಎಲ್ಲಿ ಬೀಳುತ್ತದೆ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಆಗ ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳೆಲ್ಲ ಕೋಲಾರ ಜಿಲ್ಲೆಗೆ ಸೇರಿದ್ದವು. ಗಡಿನಾಡಿನ ಜನ ನಾವು. ಕನ್ನಡದ ಸುದ್ದಿ ಒಂದು ದಿಕ್ಕಿನಿಂದ ಬಂದರೆ ತೆಲುಗಿನ ಸುದ್ದಿ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಹಾಗಾಗಿ ಭಯವೂ ನಮಗೆ ಎರಡು ಪಾಲು.

ಗಡಿಯಾಚೆಯ ತೆಲುಗು ಸೀಮೆಯ ಹಳ್ಳಿಗಳಲ್ಲಿ ನಡೆದದ್ದನ್ನು ಹಿರಿಯರು ಇವತ್ತಿಗೂ ನೆನೆದು ನಗುತ್ತಾರೆ. ಸಾಯುವುದೇ ಖಾತ್ರಿಯಾದ ಮೇಲೆ ಕೋಳಿಯನ್ನು ಯಾರಿಗೆಂದು ಉಳಿಸುವುದು? ಕೊಯ್ದು ಉಂಡರು. ಮೇಕೆ ಕುರಿಗಳದ್ದೂ ಅದೇ ಗತಿ. ಕೂಡಿಟ್ಟ ಕಾಸು ಖರ್ಚಾಯಿತು. ಆಗ ಹುಟ್ಟಿದ ಮಕ್ಕಳಿಗೆ ಸ್ಕೈಲ್ಯಾಬ್ ಎಂದೇ ಹೆಸರಿಟ್ಟವರೂ ಇದ್ದಾರೆ.

ನಾಸಾ ಆಗ ಒಂದು ಲೆಕ್ಕ ಕೊಟ್ಟಿತ್ತು. ಭೂಮಿಯ ಮೇಲಿನ ಯಾರೋ ಒಬ್ಬರಿಗೆ ಚೂರು ತಗುಲುವ ಸಾಧ್ಯತೆ 152ರಲ್ಲಿ 1. ಆದರೆ ಅದು ನಿಮಗೇ ತಗುಲುವ ಸಾಧ್ಯತೆ 60,000 ಕೋಟಿಯಲ್ಲಿ 1. ಎರಡೂ ಒಂದೇ ಲೆಕ್ಕ. ಮೊದಲನೆಯದನ್ನು ಓದಿದವನು ಕೋಳಿ ಕೊಯ್ಯುತ್ತಾನೆ, ಎರಡನೆಯದನ್ನೂ ಓದಿದವನು ಹೊಲಕ್ಕೆ ಹೋಗುತ್ತಾನೆ.

ಜುಲೈ 11ರ ಬುಧವಾರ, ನಮ್ಮಲ್ಲಿ ರಾತ್ರಿ 10 ಗಂಟೆ ದಾಟಿದ ಹೊತ್ತಿಗೆ ಅದು ಬಿದ್ದಿತು. ಹಿಂದೂ ಮಹಾಸಾಗರದಲ್ಲಿ ಒಂದಷ್ಟು, ಆಸ್ಟ್ರೇಲಿಯಾದ ಎಸ್ಪೆರನ್ಸ್ ಎಂಬ ಊರಿನ ಸುತ್ತ ಒಂದಷ್ಟು. ಯಾರಿಗೂ ಗಾಯವಾಗಲಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಕಸ ಚೆಲ್ಲಿದ್ದಕ್ಕೆ ಆ ಊರಿನ ಸ್ಥಳೀಯ ಆಡಳಿತ ನಾಸಾಕ್ಕೆ 400 ಡಾಲರ್ ದಂಡ ಹಾಕಿತು! ಇನ್ನೊಂದು ತಮಾಷೆಯೂ ಇದೆ. ಮೊದಲ ಚೂರು ತಂದುಕೊಟ್ಟವರಿಗೆ 10,000 ಡಾಲರ್ ಬಹುಮಾನವೆಂದು ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯೊಂದು ಸಾರಿತ್ತು. ಎಸ್ಪೆರನ್ಸಿನ 17 ವರ್ಷದ ಹುಡುಗನೊಬ್ಬ ಸುಟ್ಟ ಚೂರುಗಳನ್ನು ಆರಿಸಿಕೊಂಡು ವಿಮಾನ ಹತ್ತಿದ, ಗಡುವಿನೊಳಗೆ ತಲುಪಿದ, ಹಣ ಎಣಿಸಿಕೊಂಡ. ಒಂದೇ ಸುದ್ದಿ ಅಲ್ಲಿಯ ಹುಡುಗನ ಕೈತುಂಬಿಸಿತು, ಇಲ್ಲಿಯ ಬಡವರ ಕೊಟ್ಟಿಗೆ ಬರಿದು ಮಾಡಿತು. ಇಲ್ಲಿಗೆ ಬಂದಾಗ ಮಾತ್ರ ನನ್ನ ನಗು ನಿಲ್ಲುತ್ತದೆ.

ಸ್ಕೈಲ್ಯಾಬ್ ಅವಧಿಗೆ ಮುಂಚೆಯೇ ಬಿದ್ದದ್ದಕ್ಕೆ ಕಾರಣ ಸೂರ್ಯ. ಆ ವರ್ಷಗಳಲ್ಲಿ ಅವನ ಚಟುವಟಿಕೆ ಎಣಿಸಿದ್ದಕ್ಕಿಂತ ಜೋರಾಗಿತ್ತು. ಅದರಿಂದ ಮೇಲಿನ ವಾತಾವರಣ ಕಾದು ಹಿಗ್ಗಿತು. ಆ ತಡೆಗೆ ಸಿಕ್ಕಿ ನಿಲ್ದಾಣ ಇಳಿಯುತ್ತ ಬಂತು. ಅದೇ ಹೊತ್ತಿನಲ್ಲಿ ನಮ್ಮ ಗೌರಿಬಿದನೂರಿನ ಬಳಿ, ಕೋಟಾಲದಿನ್ನೆಯ ಬಯಲಿನಲ್ಲಿ, 1976ರಲ್ಲಿ ಸಿದ್ಧವಾದ ರೇಡಿಯೊ ದೂರದರ್ಶಕ ಕೆಲಸ ಮಾಡುತ್ತಿತ್ತು. ಒಂದು ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ 'ಟಿ' ಆಕಾರದಲ್ಲಿ ಸಾಲಾಗಿ ನಿಲ್ಲಿಸಿ, ಆಕಾಶದ ರೇಡಿಯೊ ಅಲೆಗಳನ್ನು ಆಲಿಸುವ ಜಾಗ ಅದು. ಆಕಾಶ ಬೀಳುತ್ತದೆಂದು ಊರು ನಡುಗುವಾಗ, ಆಕಾಶವನ್ನು ಕಿವಿಗೊಟ್ಟು ಕೇಳುವವರು ನಮ್ಮ ತಾಲ್ಲೂಕಿನಲ್ಲೇ ಇದ್ದರು. ನನಗೆ ಇದು ದೊಡ್ಡ ಹೆಮ್ಮೆ.

ಇದಕ್ಕೂ ಹಿಂದೆ 1962ರಲ್ಲಿ ಅಷ್ಟಗ್ರಹ ಯೋಗದ ಗುಲ್ಲು. ಫೆಬ್ರುವರಿ 3ರಿಂದ 5ರವರೆಗೆ ಎಂಟು ಗ್ರಹಗಳು ಮಕರ ರಾಶಿಯಲ್ಲಿ ಸೇರುತ್ತವೆ, ಪ್ರಳಯವಾಗುತ್ತದೆ ಎಂದು ಪತ್ರಿಕೆಗಳು ಬರೆದವು. ದೇಶದ ತುಂಬ ಹೋಮ ಹವನ. ಪ್ರಳಯವಾಗಬೇಕಿದ್ದ ಅದೇ ಫೆಬ್ರುವರಿಯಲ್ಲಿ ಮೂರನೇ ಮಹಾಚುನಾವಣೆ ನಡೆದು ಜನ ಸರದಿಯಲ್ಲಿ ನಿಂತು ಮತ ಹಾಕಿದರು. 

ಅದೇ 1962ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಮಗ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. ಬಡಮನೆಯ ಹುಡುಗ, ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನ ಓದಿ ಬಂದು ಮತ್ತೆ ಅದೇ ಖಾದಿ ಪಂಚೆ, ಟೋಪಿ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳ ಪರಿಶೀಲನೆಗೆ ಸಮಿತಿ ನೇಮಿಸಿದಾಗ ಮುಖಪುಟದಲ್ಲಿ ಅವರದೇ ಸುದ್ದಿ. ಪವಾಡ ಮಾಡುವವರು ಉಂಗುರ ಬೇಡ, ಅಂಗೈಯಲ್ಲಿ ಬಚ್ಚಿಡಲಾಗದ ಕುಂಬಳಕಾಯಿ ಸೃಷ್ಟಿಸಲಿ ಎಂಬ ಅವರ ಸವಾಲು ಮನೆಮಾತಾಯಿತು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಅವರು ಕಟ್ಟಿದ ನ್ಯಾಷನಲ್ ಕಾಲೇಜುಗಳಲ್ಲಿ ಓದಿದ ಎಷ್ಟೋ ಮಕ್ಕಳಿಗೆ ಪ್ರಶ್ನೆ ಕೇಳುವ ಧೈರ್ಯ ಬಂದದ್ದು ಹೀಗೆ.

ಮತ್ತೆ ಸ್ಕೈಲ್ಯಾಬಿಗೆ ಬರೋಣ. ಅದು ಬಿದ್ದ ಸರಿಯಾಗಿ ಒಂದು ತಿಂಗಳಿಗೆ, 1979ರ ಆಗಸ್ಟ್ 11ರಂದು, ಗುಜರಾತಿನ ಮಚ್ಛು ಅಣೆಕಟ್ಟೆ ಒಡೆಯಿತು. ಮೋರ್ಬಿ ಪಟ್ಟಣ ಮುಳುಗಿತು, ಸಾವಿರಾರು ಜನ ಸತ್ತರು. ಆ ಅಣೆಕಟ್ಟೆಯ ಬಗ್ಗೆ ಯಾರೂ ಮುಂಚಿತವಾಗಿ ದೊಡ್ಡ ಅಕ್ಷರದಲ್ಲಿ ಬರೆದಿರಲಿಲ್ಲ. ದೇಶವೆಲ್ಲ ಮೇಲೆ ನೋಡುತ್ತಿದ್ದಾಗ ಅಪಾಯ ನೆಲದ ಮೇಲೆ, ಮಳೆನೀರಿನಲ್ಲಿ ತುಂಬುತ್ತಿತ್ತು.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಅಪಾಯವೂ ಆಕಾಶದಲ್ಲಿಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿಗಳಲ್ಲಿದೆ. ಆಳಕ್ಕೆ ಹೋದಂತೆಲ್ಲ ಬಂಡೆಯೊಳಗಿನ ಫ್ಲೋರೈಡ್ ನೀರಿನೊಂದಿಗೆ ಮೇಲೆ ಬರುತ್ತದೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ವರ್ಷಗಳು ಕಳೆದ ಮೇಲೆ ಕೀಲು ಮೂಳೆಗಳಲ್ಲಿ ನೋವು, ಬಿಗಿತ. ಇದು ಒಂದೇ ರಾತ್ರಿ ಬೀಳುವುದಿಲ್ಲ, ದಿನಾಂಕ ಹೇಳಿ ಬರುವುದಿಲ್ಲ. ಅದಕ್ಕೇ ಮುಖಪುಟಕ್ಕೆ ಬರುವುದು ಅಪರೂಪ.

ಕೇಳುಗರೇ, ನಿಮ್ಮ ಮನೆಗೆ ಬರುವ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಈ ವಾರವೇ ಗ್ರಾಮ ಪಂಚಾಯ್ತಿಯಲ್ಲಿ ಅಥವಾ ನಗರಸಭೆಯಲ್ಲಿ ಕೇಳಿ. ಗೊತ್ತಿಲ್ಲವೆಂದರೆ ಪರೀಕ್ಷೆ ಮಾಡಿಸಲು ಒತ್ತಾಯಿಸಿ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೆನಪಿಡಿ.