ಅಡಗಿದ ದನಿ, ತಡೆದ ಮಾತು: ಪಾರ್ಕಿನ್ಸನ್ ಕಾಯಿಲೆಯಲ್ಲಿ ಉಗ್ಗು



ಈ ದತ್ತಿ ಉಪನ್ಯಾಸ ಯಾರ ನೆನಪಿನಲ್ಲಿದೆಯೋ ಆ ಮೇಷ್ಟರು ಮಗ್ಗಿ ಹೇಳಿಸುತ್ತಿದ್ದ ಬಗೆಯನ್ನು ಅವರ ಶಿಷ್ಯರ ಬಾಯಿಂದ ಕೇಳಿದ್ದೇನೆ. ಉಗ್ಗುವ ಹುಡುಗನನ್ನು ಒಬ್ಬನೇ ಎದ್ದು ನಿಲ್ಲಿಸುತ್ತಿರಲಿಲ್ಲವಂತೆ. ಇಡೀ ತರಗತಿಯ ಜೊತೆಗೆ ಹೇಳಿಸುತ್ತಿದ್ದರಂತೆ. ಗುಂಪಿನ ದನಿಯಲ್ಲಿ ದನಿ ಬೆರೆತಾಗ ಉಗ್ಗು ಸಡಿಲವಾಗುತ್ತದೆ ಎಂಬುದು ವಾಕ್ ಚಿಕಿತ್ಸೆ ಕಲಿತವರಿಗೆಲ್ಲ ಗೊತ್ತು. ಮೇಷ್ಟರು ಅದನ್ನು ಮಕ್ಕಳ ಮೇಲಿನ ಅಕ್ಕರೆಯಿಂದಲೇ ಕಂಡುಕೊಂಡರು. ಅವರ ಹೆಸರಿನ ಉಪನ್ಯಾಸಕ್ಕೆ ನನ್ನನ್ನು ಕರೆದದ್ದು ನನ್ನ ಭಾಗ್ಯ.

ಪಾರ್ಕಿನ್ಸನ್ ಕಾಯಿಲೆಯಲ್ಲೂ ಉಗ್ಗು ಬರುತ್ತದೆ. ಆ ಕಾಯಿಲೆಯ ಪರಿಚಯವನ್ನು ಚುಟುಕಾಗಿ ಮುಗಿಸುತ್ತೇನೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರು ರೋಗಿಗಳನ್ನು ಕುರಿತು ಬರೆದ. ಮಿದುಳಿನಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ಸಾಯುತ್ತವೆ. ಲೆವೊಡೋಪಾ ಮಾತ್ರೆ ಆ ಕೊರತೆಯನ್ನು ಒಂದಷ್ಟು ತುಂಬುತ್ತದೆ. ಇದೆಲ್ಲ ಆರೋಗ್ಯದ ಪುಸ್ತಕಗಳಲ್ಲಿ ಸಿಗುತ್ತದೆ. ನಡುಗುವ ಕೈ ಎಲ್ಲರ ಕಣ್ಣಿಗೂ ಬೀಳುತ್ತದೆ, ಕುಗ್ಗುವ ಮಾತು ಬೀಳುವುದಿಲ್ಲ. ಅಮೆರಿಕದ ಜೆರಿ ಲೋಗ್‌ಮನ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 200 ರೋಗಿಗಳ ಪೈಕಿ ಶೇ. 89 ಮಂದಿಗೆ ದನಿಯ ತೊಂದರೆ ಇತ್ತು, ಶೇ. 45 ಮಂದಿಗೆ ಉಚ್ಚಾರಣೆಯ ತೊಂದರೆ ಇತ್ತು.

ನಾನು ಇವತ್ತು ವಾದಿಸಬೇಕೆಂದಿರುವುದು ಒಂದೇ ಮಾತನ್ನು. ದನಿ ಅಡಗುವುದು ಬೇರೆ, ಮಾತು ತಡೆಯುವುದು ಬೇರೆ. ಎರಡಕ್ಕೂ ಒಂದೇ ಮದ್ದು ಅರೆಯಬಾರದು.

ದನಿ ಅಡಗಿದ ಮನೆಯಲ್ಲಿ ನಡೆಯುವ ಜಗಳ ನಿಮಗೆ ಗೊತ್ತಿರಬಹುದು. "ಏನಂದ್ರಿ? ಬಾಯ್ ಬುಟ್ಟು ಏಳಿ" ಎನ್ನುತ್ತಾರೆ ಹೆಂಡತಿ. "ನಿಂಗೇ ಕಿವಿ ಕೇಳಾಕಿಲ್ಲ ಕಣಮ್ಮಿ" ಎನ್ನುತ್ತಾರೆ ಗಂಡ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕಾಯಿಲೆ ಗಂಡನ ದನಿಯ ಅಳತೆಗೋಲನ್ನೇ ಕೆಡಿಸಿರುತ್ತದೆ. ಪಿಸುಗುಟ್ಟಿದರೂ ಸಹಜವಾಗಿ ಆಡಿದಂತೆ, ಸಹಜವಾಗಿ ಆಡಿದರೆ ಕಿರುಚಿದಂತೆ ಅವರಿಗೆ ತೋರುತ್ತದೆ. ಈ ಅಳತೆಯನ್ನು ತಿದ್ದಲೆಂದೇ 1980ರ ದಶಕದಲ್ಲಿ ಲೊರೇನ್ ರೇಮಿಗ್ ಮತ್ತು ಸಂಗಡಿಗರು ಲೀ ಸಿಲ್ವರ್‌ಮನ್ ಎಂಬ ರೋಗಿಯ ಹೆಸರಿನಲ್ಲಿ ಒಂದು ಚಿಕಿತ್ಸಾಕ್ರಮ ರೂಪಿಸಿದರು. ವಾರಕ್ಕೆ ನಾಲ್ಕು ದಿನದಂತೆ ನಾಲ್ಕು ವಾರ, ಒಟ್ಟು 16 ಪಾಠ. ಗುರಿ ಒಂದೇ: ಗಟ್ಟಿ ದನಿ.

ಗಟ್ಟಿ ದನಿಯೊಂದಿದ್ದರೆ ಮಿಕ್ಕಿದ್ದೆಲ್ಲ ತಾನೇ ನೇರವಾಗುತ್ತದೆ ಎನ್ನುವ ಮಿತ್ರರಿದ್ದಾರೆ. ಅವರ ಕೈಯಲ್ಲಿ ಬಲವಾದ ಆಧಾರವೂ ಇದೆ. ಬ್ರಿಟನ್ನಿನಲ್ಲಿ 388 ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಕ್ರಮವೇ ಗೆದ್ದಿತು. ಅಲ್ಲಿನ ವಾಡಿಕೆಯ ವಾಕ್ ಚಿಕಿತ್ಸೆ ಪಡೆದವರಿಗೂ ಚಿಕಿತ್ಸೆಯೇ ಇಲ್ಲದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ವಾರಕ್ಕೊಮ್ಮೆ ಕರೆಸಿ ನಾಲ್ಕು ಉಪದೇಶ ಹೇಳಿ ಕಳಿಸುವ ನಮ್ಮಂಥವರಿಗೆ ಇದು ಕಟು ಪಾಠ. ಅದನ್ನು ತಲೆಬಾಗಿ ಒಪ್ಪುತ್ತೇನೆ. ಆದರೆ ಆ ಪ್ರಯೋಗ ಮುಖ್ಯವಾಗಿ ಅಳೆದದ್ದು ದನಿಯ ತೊಂದರೆ ಬದುಕನ್ನು ಎಷ್ಟು ಬಾಧಿಸುತ್ತದೆ ಎಂಬುದನ್ನು. ಉಗ್ಗನ್ನಲ್ಲ. ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡವರಿಗೆ, ಓಡೋಡಿ ಪದಗಳಲ್ಲಿ ಮುಗ್ಗರಿಸುವವರಿಗೆ "ಜೋರಾಗಿ ಹೇಳಿ" ಎಂದರೆ ಉಗ್ಗೇ ಜೋರಾಗುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ದುಡಿದ ಹಿರಿಯರೊಬ್ಬರು ನನ್ನ ಬಳಿ ಬಂದಿದ್ದರು. ರೇಟು ಹೇಳಹೊರಟರೆ "ಮೂ... ಮೂ... ಮೂ..." ಎಂದು ನಿಂತುಬಿಡುತ್ತಿತ್ತು. ಎದುರಿನ ವ್ಯಾಪಾರಿ ತಾನೇ ಒಂದು ರೇಟು ಹೇಳಿ ಮುಗಿಸುತ್ತಿದ್ದ. ಅವಮಾನವಾಗಿ ಅವರು ಮಾರುಕಟ್ಟೆಯನ್ನೇ ಬಿಟ್ಟರು. ಒಂದು ದಿನ ಮಗ ತಂದಿದ್ದ ಕಾಯಿಗಳನ್ನು ಅವರ ಕೈಗಿತ್ತು ಎಣಿಸಿ ಎಂದೆ. ಒಂದೊಂದೇ ಕಾಯಿ ಪಕ್ಕಕ್ಕಿಡುತ್ತಾ, ಒಂದು ಎನ್ನುವ ಬದಲು ಲಾಭ ಎನ್ನುವ ರೂಢಿಯಂತೆ, "ಲಾಭ, ಎಲ್ಡು, ಮೂರು, ನಾಕು" ಎಂದು ಎಣಿಸಿಕೊಂಡು ಹೋದರು. ಅದೇ ಮೂರು ಎಲ್ಲೂ ತಡೆಯಲಿಲ್ಲ. ಮಗ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ಇದು ಪವಾಡವಲ್ಲ. ಎಣಿಕೆ ರೂಢಿಯ ಮಾತು, ಬೆಲೆ ಹೇಳುವುದು ಆ ಗಳಿಗೆಯಲ್ಲಿ ಕಟ್ಟಬೇಕಾದ ಮಾತು. ಜೊತೆಗೆ ಕೈಯ ಲಯ ಬಾಯಿಗೆ ದಾರಿ ತೋರಿಸಿತು. ಹೆಜ್ಜೆ ಕಿತ್ತಿಡಲಾಗದೆ ನಿಂತ ರೋಗಿ ನೆಲದ ಗೆರೆ ನೋಡಿ ದಾಟುವಂತೆಯೇ ಇದೂ. 1979ರಲ್ಲಿ ನ್ಯಾನ್ಸಿ ಹೆಲ್ಮ್ ಬಣ್ಣದ ಚೌಕಗಳ ಹಲಗೆಯನ್ನು ಬಳಸಿ, ಒಂದೊಂದು ಉಚ್ಚಾರಾಂಶಕ್ಕೂ ಒಂದೊಂದು ಚೌಕ ಮುಟ್ಟಿಸಿ ಮಾತಾಡಿಸಿದ್ದೂ ಇದೇ ತತ್ವದ ಮೇಲೆ. ನಮ್ಮವರಿಗೆ ಹಲಗೆ ಯಾಕೆ? ತೊಡೆಯ ಮೇಲೆ ಹೆಬ್ಬೆರಳು ತಟ್ಟಿದರೆ ಸಾಕು.

ಜನಪದ ಹಾಡು ಹೇಳಿಸಿದರೆ ಮಾತು ಮರಳುತ್ತದೆ ಎನ್ನುವ ಉತ್ಸಾಹಿಗಳಿಗೂ ಒಂದು ಮಾತು. ಹಾಡಿನಲ್ಲಿ ನಾಲಗೆ ಹಗುರಾಗುವುದು ನಿಜ, ಆದರೆ ಅದು ತಾನಾಗಿ ಸಂತೆಯ ಮಾತಿಗೆ ಇಳಿದು ಬರುವುದಿಲ್ಲ. ಲಯವನ್ನು ಹಾಡಿನಿಂದ ಎಣಿಕೆಗೆ, ಎಣಿಕೆಯಿಂದ ದಿನದ ಮಾತಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಅಭ್ಯಾಸಕ್ಕೆ ಹತ್ತು ವಾಕ್ಯ ಆರಿಸಿಕೊಳ್ಳಿ, ಅವು ಅವರ ಬಾಯಿನವೇ ಆಗಿರಲಿ: "ನಾಲೆಗೆ ನೀರ್ ಬುಟ್ಟವ್ರಾ?", "ಒಸಿ ಕಾಪಿ ಕೊಡು". ಪುಸ್ತಕದ ಕನ್ನಡ ಓದಿಸಿ, "ಹಾಲು" ಬದಲು "ಆಲು" ಎಂದದ್ದಕ್ಕೆ ರೋಗದ ಲೆಕ್ಕದಲ್ಲಿ ಅಂಕ ಕಳೆಯುವುದು ಮಂಡ್ಯದ ನಾಲಗೆಗೆ ಮಾಡುವ ಅನ್ಯಾಯ.

ಮಾತ್ರೆ ಹೆಚ್ಚಿಸಿದರೆ ಮಾತೂ ಸರಿಹೋಗುತ್ತದೆ ಎಂಬುದನ್ನಂತೂ ನಾನು ಒಪ್ಪುವುದಿಲ್ಲ. ಕೈಕಾಲಿಗೆ ಸಿಗುವಷ್ಟು ಗುಣ ಮಾತಿಗೆ ಸಿಗುವುದಿಲ್ಲ. ಕೆಲವರಲ್ಲಿ ಲೆವೊಡೋಪಾ ಏರಿದಾಗಲೇ ಉಗ್ಗು ಹೆಚ್ಚಿದ್ದು ವೈದ್ಯಕೀಯ ವರದಿಗಳಲ್ಲಿದೆ. ಹಾಗೆಂದು ಮಾತ್ರೆಯನ್ನು ನೀವೇ ಏರಿಸಬೇಡಿ, ಇಳಿಸಬೇಡಿ. ಯಾವ ಹೊತ್ತಿನಲ್ಲಿ ಮಾತು ತಡೆಯುತ್ತದೆ ಎಂದು ಬರೆದಿಟ್ಟು ನರರೋಗ ವೈದ್ಯರಿಗೆ ತೋರಿಸಿ. ನೀರು ಕುಡಿಯುವಾಗ ಕೆಮ್ಮು ಬಂದರೆ ಅದನ್ನೂ ಹೇಳಿ, ನುಂಗುವುದೂ ಕೆಟ್ಟಿರಬಹುದು.

ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮಗ್ಗುಲಲ್ಲೇ ಇದೆ. ಆದರೂ ಮಳವಳ್ಳಿಯ ಹಳ್ಳಿಯಿಂದ, ಹೆಜ್ಜೆ ತಡೆಯುವ ಮುದುಕರು ತಿಂಗಳಲ್ಲಿ 16 ಸಲ ಬಸ್ಸು ಹತ್ತಲಾರರು. ಸಂಸ್ಥೆಯಲ್ಲಿ ಕಲಿತ ಅಭ್ಯಾಸ ಪ್ರತಿದಿನ ಮನೆಯ ಜಗಲಿಯ ಮೇಲೆ ನಡೆಯಬೇಕು. ಅಲ್ಲಿ ಮನೆಯವರಿಗೆ ನನ್ನ ಒಂದೇ ಬೇಡಿಕೆ: ಅವರ ಮಾತನ್ನು ನೀವು ಮುಗಿಸಬೇಡಿ.

ಮದ್ದೂರಿನ ಆ ಹಿರಿಯರು ತಿಂಗಳುಗಳ ಅಭ್ಯಾಸದ ಮೇಲೆ ಮತ್ತೆ ಮಾರುಕಟ್ಟೆಗೆ ಹೋದರು. ಉಗ್ಗು ಪೂರ್ತಿ ಹೋಗಿರಲಿಲ್ಲ. ಹೆಬ್ಬೆರಳು ತೊಡೆ ತಟ್ಟಿತು, ಮಗ ಪಕ್ಕದಲ್ಲಿ ಬಾಯಿ ಬಿಗಿಹಿಡಿದು ನಿಂತ, ವ್ಯಾಪಾರಿ ಕಾದ. ರೇಟನ್ನು ಅವರೇ ಹೇಳಿದರು. ಮೇಷ್ಟರ ತರಗತಿಯ ಆ ಹುಡುಗನಿಗೂ ಸಿಕ್ಕಿದ್ದು ಇದೇ: ಅವನ ಮಾತಿಗೆ ಜೊತೆ ನಿಲ್ಲುವ ನಾಲ್ಕು ಜನ.