ಮುಂದಿನ ಗೂಟ ನೋಡೋಣ
(ಸ್ವಸಹಾಯ ಸಂಘಗಳ ಒಕ್ಕೂಟದ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳು)

ಪ್ರೀತಿಯ ಸಹೋದರಿಯರೇ,

ಇವತ್ತು ಉಳಿತಾಯ, ಸಾಲ, ಬಡ್ಡಿ ಲೆಕ್ಕ ಸ್ವಲ್ಪ ಪಕ್ಕಕ್ಕಿಟ್ಟು, ನಾವು ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇವೆ.

ಒಂದು ಸಂಜೆ ಬ್ಯಾಂಕ್ ಕೆಲಸ ಮುಗಿಸಿ ನಾವು ನಾಲ್ಕು ಜನ ಜಯನಗರ ನಾಲ್ಕನೇ ಬ್ಲಾಕ್ ಕಾಂಪ್ಲೆಕ್ಸ್ ಕಡೆ ನಡೆದು ಬರುತ್ತಿದ್ದೆವು. ನಮ್ಮ ನಮ್ಮಲ್ಲೇ ಜಗಳ. ಸಂಘದ ಒಬ್ಬ ಸದಸ್ಯೆ ಮೂರು ತಿಂಗಳಿಂದ ಕಂತು ಕಟ್ಟಿರಲಿಲ್ಲ, ಸಭೆಗೂ ಬಂದಿರಲಿಲ್ಲ. "ಅವಳನ್ನ ತೆಗೆದುಹಾಕಿ" ಅಂತ ಒಬ್ಬರು. "ಸಂಘಾನೇ ಮುಚ್ಚಿಬಿಡೋಣ, ಸಾಕಾಯ್ತು" ಅಂತ ಇನ್ನೊಬ್ಬರು.

ಅಷ್ಟರಲ್ಲಿ ಡೋಲಕ್ ಸದ್ದು ಕೇಳಿಸಿತು. ಎರಡು ಕಡೆ ಬಿದಿರು ಗಳುಗಳನ್ನು ಕತ್ತರಿಯಂತೆ ಕಟ್ಟಿ, ನಡುವೆ ಹಗ್ಗ ಬಿಗಿದಿದ್ದರು. ಹದಿನೆಂಟು ಹತ್ತೊಂಬತ್ತರ ಹುಡುಗಿ, ತಲೆ ಮೇಲೆ ಮೂರು ಚೆಂಬು, ಕೈಯಲ್ಲಿ ಉದ್ದನೆಯ ಕೋಲು. ಅರ್ಧ ದಾರಿಯಲ್ಲಿ ಕಾಲು ಜಾರಿತು. ಚೆಂಬುಗಳು ಠಣ್ ಅಂತ ರಸ್ತೆಗೆ ಬಿದ್ದವು. ಹಗ್ಗ ಹಿಡಿದು ಹೇಗೋ ಕೂತಳು. ಡೋಲಕ್ ಬಾರಿಸುತ್ತಿದ್ದ ತಮ್ಮ ಹೆದರಿ ಕೈ ನಿಲ್ಲಿಸಿದ. ಅವಳು ಮೇಲಿಂದಲೇ "ಬಾರ್ಸೋ!" ಅಂದಳು. ಎದ್ದು ನಿಂತು, ಆ ತುದಿ ಮುಟ್ಟಿಯೇ ಇಳಿದಳು.

ತಟ್ಟೆ ಹಿಡಿದು ಬಂದಾಗ ನಮ್ಮಲ್ಲೊಬ್ಬರು, "ಇಷ್ಟು ಗಟ್ಟಿಮುಟ್ಟಾಗಿದ್ದೀಯಾ, ಭಿಕ್ಷೆ ಯಾಕಮ್ಮ?" ಅಂದುಬಿಟ್ಟರು. "ಭಿಕ್ಷಾ ಅಲ್ರೀ ಅಕ್ಕಾರ, ಇದು ಆಟದ ಕೂಲಿ" ಅಂದಳು. ನಮಗೆ ನಾಚಿಕೆಯಾಯಿತು. ಊರೂರು ತಿರುಗಿ ಬುರ್ರಕಥೆ ಹಾಡುತ್ತಿದ್ದ, ಓದುಬರಹ ಬಾರದ ದರೋಜಿ ಈರಮ್ಮನವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಪದವಿ ಕೊಟ್ಟು ಗೌರವಿಸಿತಲ್ಲವೇ? 2014ರಲ್ಲಿ ಅವರು ತೀರಿಕೊಂಡಾಗ ನಾಡೇ ನೆನೆಯಿತು. ಬೀದಿಯ ಕಲೆಯೂ ದುಡಿಮೆಯೇ.

ಟೀ ಕೊಡಿಸಿ ಮಾತಾಡಿಸಿದೆವು. ರಾಯಚೂರು ಕಡೆಯ ದೊಂಬರ ಕುಟುಂಬ. ಬನ್ನೇರುಘಟ್ಟ ರಸ್ತೆ ಕಡೆ ಖಾಲಿ ಸೈಟಿನಲ್ಲಿ ಗುಡಾರ. ಆರು ವರ್ಷಕ್ಕೇ ಹಗ್ಗ ಏರಿದವಳು, ಶಾಲೆ ಮೆಟ್ಟಿಲು ಹತ್ತಿಲ್ಲ. ಈಗ ಎಂಟು ವರ್ಷದ ತಂಗಿಯನ್ನೂ ಹತ್ತಿಸೋಣ ಅಂತ ಅಪ್ಪ. "ನಾ ಇರೋತನಕ ಆಕಿ ಹಗ್ಗ ಏರಂಗಿಲ್ರೀ. ಆಕಿ ಸಾಲಿಗೆ ಹೋಗ್ಬೇಕು." ಆದರೆ ಒಂದು ಶಾಲೆಯಲ್ಲಿ ಜನನ ಪ್ರಮಾಣಪತ್ರ ಇಲ್ಲ ಅಂತ ವಾಪಸ್ ಕಳಿಸಿದ್ದರಂತೆ.

ಸಹೋದರಿಯರೇ, ಇದನ್ನು ನಾವೆಲ್ಲ ತಿಳಿದಿರಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗುವಿಗೆ ವಯಸ್ಸಿನ ದಾಖಲೆ ಇಲ್ಲ ಎಂದು ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಮುಂದಿನ ಸೋಮವಾರ ನಮ್ಮಲ್ಲಿ ಇಬ್ಬರು ಜೊತೆಗೆ ಹೋದೆವು. ಗುಡಾರದ ಹತ್ತಿರದ ಸರ್ಕಾರಿ ಶಾಲೆಗೆ ಮಗು ಸೇರಿತು. ಅಕ್ಕ ಗೇಟಿನ ಹೊರಗೆ ನಿಂತು ಕಣ್ಣೊರೆಸಿಕೊಂಡಳು.

"ಬಿದ್ದಾಗ ಹೆದರಿಕೆ ಆಗಲಿಲ್ವಾ ಮಗಳೇ?" ಅಂತ ಆ ದಿನವೇ ಕೇಳಿದ್ದೆವು. ಅವಳು ಹೇಳಿದ್ದು: "ಆಗ್ತದ್ರೀ. ಆದ್ರ ಕೆಳಗ ನೋಡಬಾರ್ದು. ಮುಂದಿನ ಗೂಟ ನೋಡಬೇಕು. ಕೈಯಾಗ ಕೋಲು ಉದ್ದ ಇದ್ರ ಮೈ ಗಕ್ಕನ ವಾಲಂಗಿಲ್ಲ, ಸರಿ ಮಾಡ್ಕೊಳ್ಳಾಕ ಟೈಮ್ ಸಿಗ್ತದ."

ಅವಳಿಗೆ ಕೋಲು, ನಮಗೆ ಸಂಘ. ವಾಲಿದವಳಿಗೆ ಸರಿಮಾಡಿಕೊಳ್ಳಲು ಸಮಯ ಕೊಡದಿದ್ದರೆ ಸಂಘ ಯಾಕೆ? ಅದೇ ವಾರ ಕಂತು ಕಟ್ಟದ ಆ ಸದಸ್ಯೆಯ ಮನೆಗೆ ಹೋದೆವು. ಗಂಡ ಹಾಸಿಗೆ ಹಿಡಿದಿದ್ದರು. ನಾಚಿಕೆಯಿಂದ ಸಭೆಗೆ ಬಂದಿರಲಿಲ್ಲ, ಅಷ್ಟೇ. ಎಲ್ಲರೂ ಕೂತು ಠರಾವು ಮಾಡಿ, ಕಂತು ಚಿಕ್ಕದು ಮಾಡಿ, ಅವಧಿ ಹೆಚ್ಚಿಸಿದೆವು. ಈಗ ತಪ್ಪದೆ ಕಟ್ಟುತ್ತಿದ್ದಾರೆ. ಸಂಘ ಉಳಿಯಿತು.

ಒಂದು ಮಾತು ಮರೆಯಬೇಡಿ. ಅವಳ ಛಲ ಹೊಗಳುವ ಭರದಲ್ಲಿ ಅವಳ ಕಷ್ಟವನ್ನು ಹೊಗಳಬಾರದು. ಕೆಳಗೆ ಬಲೆಯಿಲ್ಲ, ಬಿದ್ದರೆ ನೋಡಿಕೊಳ್ಳುವವರಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಸರ್ಕಸ್ಸುಗಳಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸಲು ಆದೇಶಿಸಿತು. ಬೀದಿಯ ಹಗ್ಗದ ಮೇಲಿನ ಮಗುವೂ ಮಗುವೇ. ಚಿಕ್ಕ ಮಕ್ಕಳು ಹಗ್ಗ ಹತ್ತುವುದನ್ನು ಕಂಡರೆ ಚಿಲ್ಲರೆ ಹಾಕಿ ನಡೆದುಬಿಡಬೇಡಿ. ಮನೆಯವರನ್ನು ಮಾತಾಡಿಸಿ, ಶಾಲೆಯ ವಿಷಯ ತಿಳಿಸಿ. ಅಗತ್ಯ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ನಿಮ್ಮ ಸಂಘದಲ್ಲೂ ಸಭೆಗೆ ಬಾರದ ಒಬ್ಬ ಸೋದರಿ ಇದ್ದೇ ಇರುತ್ತಾಳೆ. ಈ ವಾರ ದಂಡದ ಲೆಕ್ಕ ಬರೆಯುವ ಮೊದಲು ಅವಳ ಮನೆ ಬಾಗಿಲು ತಟ್ಟಿ ಬನ್ನಿ.